ಫೋನಿನಲ್ಲಿ ಕೇಳಿದರೆ ಡಾಕ್ಟರು ನಿದ್ದೆ ಮಾತ್ರೆ ಯಾಕೆ ಬರೆದುಕೊಡಲ್ಲ?

ಓದುವ ಬೇರೆಯವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ಅಮ್ಮನಿಗೆ 68 ವರ್ಷ, ಊರಿನಲ್ಲಿ ಒಬ್ಬರೇ ಇದ್ದಾರೆ. ಬಿಪಿ, ಶುಗರ್ ಎರಡೂ ಇದೆ. ಊರಿನ ಡಾಕ್ಟರಿಗೆ ಕೊನೆಯ ಸಲ ತೋರಿಸಿ ಎಂಟು ತಿಂಗಳಾಯಿತು. ನೀವು ಬೆಂಗಳೂರಿನಿಂದ ಫೋನ್ ಮಾಡಿ, 'ಹಳೇ ಮಾತ್ರೆಗಳನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಸರ್' ಅಂದಿರಿ. ಅವರು 'ಅಮ್ಮನ ಹತ್ತಿರವೇ ವಿಡಿಯೋ ಮಾಡಿಸಿ, ಆಮೇಲೆ ಒಂದು ಸಲ ಕರೆದುಕೊಂಡೂ ಬನ್ನಿ' ಅಂದರು. ನಿದ್ದೆಗೆ ತಗೊಳ್ಳುವ ಆಲ್‌ಪ್ರಾಜೋಲಮ್ ಮಾತ್ರ ಫೋನಿನಲ್ಲಿ ಬರೆಯೋದೇ ಇಲ್ಲ ಅಂದರು. ಇದು ನಿಜವಾಗಲೂ ರೂಲ್ಸಾ, ಇಲ್ಲಾ ಕ್ಲಿನಿಕ್‌ಗೆ ಕರೆಸಿ ಫೀಸ್ ತಗೊಳ್ಳುವ ಉಪಾಯವಾ ಅನ್ನೋದು ನಿಮ್ಮ ಅನುಮಾನ. ಮುಂದಿನ ತಿಂಗಳು ಅಮ್ಮ ಅಮೆರಿಕದಲ್ಲಿರುವ ನಿಮ್ಮ ಅಕ್ಕನ ಮನೆಗೆ ಹೋಗುತ್ತಾರೆ, ಅಲ್ಲಿಂದ ಇದೇ ಡಾಕ್ಟರಿಗೆ ಫೋನ್ ಮಾಡಬಹುದಾ ಅಂತಲೂ ಕೇಳಿದ್ದೀರಿ.

ನಾನು ಮಲೆನಾಡಿನ ಒಂದು ತಾಲೂಕು ಊರಿನಲ್ಲಿ ಡಾಕ್ಟರ್. ದಿನಕ್ಕೆ ಎಂಟು ಹತ್ತು ಜನರನ್ನು ಫೋನಿನಲ್ಲೇ ನೋಡುತ್ತೇನೆ. ನಾನೂ ಡಾಕ್ಟರ ಕಡೆಯವನೇ ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದರೂ ಇರಬಹುದು. ಆದರೆ ನಿಮ್ಮ ಡಾಕ್ಟರ್ ಹೇಳಿದ್ದು ಅಷ್ಟೂ ರೂಲ್ಸೇ. ಫೀಸಿನ ಅನುಮಾನವನ್ನು ಇಲ್ಲಿಗೇ ಬಿಡಿ. ಫೋನಿನಲ್ಲಿ ನೋಡಿದರೂ ಎದುರಿಗೆ ನೋಡಿದಷ್ಟೇ ಫೀಸ್ ತಗೊಳ್ಳಬಹುದು, ರಸೀದಿ ಕೊಡಬೇಕು ಅಂತ ಅದೇ ನಿಯಮದಲ್ಲಿದೆ. ದುಡ್ಡೇ ಮುಖ್ಯ ಆಗಿದ್ದರೆ ಎರಡು ನಿಮಿಷ ಮಾತಾಡಿ, ಚೀಟಿ ಕಳಿಸಿ, ಫೋನಿನಲ್ಲೇ ಹಾಕಿಸಿಕೊಳ್ಳುತ್ತಿದ್ದರು. ನಿಮ್ಮ ಅಮ್ಮನನ್ನು ಕೂರಿಸಿ, ಬಿಪಿ ನೋಡಿ, ಕಾಲು ನೋಡಿ ಕಳಿಸೋದೇ ಅವರಿಗೆ ಜಾಸ್ತಿ ಕೆಲಸ.

ಈ ನಿಯಮಕ್ಕೆ ತುಂಬಾ ವಯಸ್ಸಾಗಿಲ್ಲ. 2020ರ ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾದ ದಿನವೇ, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ (ಫೋನ್, ವಿಡಿಯೋದಲ್ಲಿ ರೋಗಿಯನ್ನು ನೋಡುವುದು) ಮಾರ್ಗಸೂಚಿ ಹೊರಡಿಸಿತು. ಅದಕ್ಕೂ ಮೊದಲು ನಾವೆಲ್ಲ ಫೋನಿನಲ್ಲಿ ಔಷಧ ಹೇಳುತ್ತಲೇ ಇದ್ದೆವು, ಆದರೆ ಒಳಗೊಳಗೇ ಭಯ ಇತ್ತು. 2018ರಲ್ಲಿ ರತ್ನಗಿರಿಯ ಒಂದು ಕೇಸ್ ನಮ್ಮನ್ನೆಲ್ಲ ನಡುಗಿಸಿತ್ತು. ಸಿಸೇರಿಯನ್ ಆಗಿದ್ದ ಹೆಣ್ಣುಮಗಳೊಬ್ಬಳಿಗೆ ತೊಂದರೆಯಾದಾಗ ಡಾಕ್ಟರು ಎದುರಿಗೆ ಇರಲಿಲ್ಲ, ಫೋನಿನಲ್ಲೇ ಔಷಧ ಹೇಳಿದ್ದರು, ಆಕೆ ತೀರಿಕೊಂಡಳು ಅನ್ನುವುದು ಆರೋಪ. ಡಾಕ್ಟರ್ ದಂಪತಿಗೆ ನಿರೀಕ್ಷಣಾ ಜಾಮೀನು ಕೊಡಲು ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ಅದಾದ ಮೇಲೆ ಫೋನಿನಲ್ಲಿ ಒಂದು ಮಾತ್ರೆ ಹೆಸರು ಹೇಳೋಕೂ ಎಷ್ಟೋ ಡಾಕ್ಟರು ಹಿಂದೆಮುಂದೆ ನೋಡುತ್ತಿದ್ದರು. 2020ರ ಮಾರ್ಗಸೂಚಿ ಬಂದಾಗ 'ಅಬ್ಬಾ, ಕೊನೆಗೂ ಒಂದು ಗೆರೆ ಎಳೆದರಲ್ಲ' ಅನಿಸಿತು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿಯೊಂದು ಬಂತು, ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದರು. ಹಾಗಾಗಿ ನಾವು ಈಗಲೂ ಹಿಡಿದುಕೊಂಡಿರುವುದು 2020ರದ್ದನ್ನೇ.

ಈಗ ನಿಮ್ಮ ಎಂಟು ತಿಂಗಳ ವಿಷಯ. ಒಂದು ಕಾಯಿಲೆಗೆ ಡಾಕ್ಟರ್ ನಿಮ್ಮನ್ನು ಎದುರಿಗೆ ನೋಡಿ ಆರು ತಿಂಗಳ ಒಳಗೆ, ಅದೇ ಕಾಯಿಲೆಗೆ ಫೋನ್ ಮಾಡಿದರೆ ಅದು ಫಾಲೋ ಅಪ್. ಆರು ತಿಂಗಳು ದಾಟಿದರೆ, ಹತ್ತು ವರ್ಷದಿಂದ ತೋರಿಸುತ್ತಿದ್ದರೂ, ಲೆಕ್ಕದಲ್ಲಿ ನೀವು ಹೊಸ ಪೇಷಂಟ್. ಹೊಸ ಕಾಯಿಲೆ ಹೇಳಿದರೂ ಅಷ್ಟೇ. ಸುಮ್ನೆ ಕಾಗದದ ಗೆರೆ ಅನಿಸಬಹುದು, ಆದರೆ ಯಾವ ಔಷಧ ಬರೆಯಬಹುದು ಅನ್ನೋದೆಲ್ಲ ಈ ಗೆರೆ ಮೇಲೇ ನಿಂತಿದೆ.

ಔಷಧಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಪ್ಯಾರಾಸಿಟಮಾಲ್, ಓಆರ್‌ಎಸ್, ಗಂಟಲಿಗೆ ಚಪ್ಪರಿಸುವ ಮಾತ್ರೆ, ಇಂಥವು 'ಓ' ಪಟ್ಟಿ. ಇವನ್ನು ವಿಡಿಯೋ, ಆಡಿಯೋ, ಮೆಸೇಜ್, ಹೇಗೆ ಬೇಕಾದರೂ ಹೇಳಬಹುದು. 'ಎ' ಪಟ್ಟಿಯ ಔಷಧ ಮೊದಲ ಸಲಕ್ಕೆ ಬರೆಯಬೇಕಾದರೆ ವಿಡಿಯೋ ಬೇಕೇ ಬೇಕು. ಚರ್ಮದ ಕೆಲವು ಮುಲಾಮು, ಕಣ್ಣಿನ ಹನಿ, ಕಿವಿಯ ಹನಿ ಅದರಲ್ಲಿವೆ. ಬಿಪಿಯ ಅಟೆನೊಲಾಲ್, ಶುಗರ್‌ನ ಮೆಟ್‌ಫಾರ್ಮಿನ್ ಥರದವನ್ನು ಮುಂದುವರಿಸುವುದೂ ಇದೇ ಪಟ್ಟಿಯಲ್ಲಿ ಬರುತ್ತದೆ, ಆದರೆ ಫಾಲೋ ಅಪ್ ಆಗಿದ್ದರೆ ಮಾತ್ರ. ನಿಮ್ಮ ಅಮ್ಮನ ಗಂಟು ಇರೋದು ಇಲ್ಲೇ. ಎರಡು ತಿಂಗಳು ಮುಂಚೆ ಕೇಳಿದ್ದರೆ ಒಂದು ಫೋನಿನಲ್ಲೇ ಮುಗಿಯುತ್ತಿತ್ತು. 'ಬಿ' ಪಟ್ಟಿ ಅಂದರೆ ಎದುರಿಗೆ ನೋಡಿ ಬರೆದ ಔಷಧದ ಜೊತೆಗೆ, ಅದೇ ಕಾಯಿಲೆಗೆ ಇನ್ನೊಂದನ್ನು ಸೇರಿಸುವುದು. ಮೆಟ್‌ಫಾರ್ಮಿನ್ ಸಾಲುತ್ತಿಲ್ಲ ಅಂತ ಸಿಟಾಗ್ಲಿಪ್ಟಿನ್ ಹಾಕಿದ ಹಾಗೆ. ಅದೂ ಫಾಲೋ ಅಪ್‌ನಲ್ಲಿ ಮಾತ್ರ.

ನಾಲ್ಕನೆಯದು ಬರೆಯಲೇಬಾರದ ಪಟ್ಟಿ. ಶೆಡ್ಯೂಲ್ ಎಕ್ಸ್ ಅನ್ನುವ ಬಿಗಿ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಗಳು, ಮತ್ತೆ 1985ರ ಎನ್‌ಡಿಪಿಎಸ್ ಕಾಯ್ದೆಯ ಮಾದಕ ಪಟ್ಟಿಯಲ್ಲಿರುವುವು. ಗಾಂಜಾ, ಅಫೀಮಿನ ಕಾಯ್ದೆಗೂ ನಮ್ಮಮ್ಮನ ನಿದ್ದೆ ಮಾತ್ರೆಗೂ ಏನು ಸಂಬಂಧ ಅನ್ನಬೇಡಿ. ಆಲ್‌ಪ್ರಾಜೋಲಮ್ ಆ ಪಟ್ಟಿಯಲ್ಲೇ ಇದೆ. ನೋವಿಗೆ ಕೊಡುವ ಟ್ರಮಡಾಲ್ ಕೂಡ 2018ರಲ್ಲಿ ಅಲ್ಲಿಗೆ ಸೇರಿತು. ವಿಡಿಯೋ ಇರಲಿ, ಹಳೇ ಪೇಷಂಟ್ ಇರಲಿ, ಇವೆರಡಕ್ಕೂ ವಿನಾಯಿತಿ ಇಲ್ಲ. ಬರೆದರೆ ಅದು ಡಾಕ್ಟರ ದುರ್ನಡತೆ ಅಂತಲೇ ಲೆಕ್ಕ. ನಿಮ್ಮ ಮೇಲಿನ ಸಲಿಗೆಗೆ ಅವರು ತಮ್ಮ ಲೈಸೆನ್ಸ್ ಪಣಕ್ಕಿಡಬೇಕು ಅಂತ ಕೇಳಿದ ಹಾಗಾಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಮಾತ್ರೆ ಸಿಗಲಿಲ್ಲ ಅಂತ ಅಮ್ಮ ಅದನ್ನು ಒಮ್ಮೆಲೇ ನಿಲ್ಲಿಸುವುದು ಬೇಡ. ತುಂಬಾ ದಿನ ತಗೊಂಡವರು ಏಕ್‌ದಮ್ ಬಿಟ್ಟರೆ ಗಾಬರಿ, ಕೈ ನಡುಕ ಬರಬಹುದು, ಕೆಲವರಿಗೆ ಫಿಟ್ಸ್ ಕೂಡ. ನಾಲ್ಕು ಮಾತ್ರೆ ಉಳಿದಿರುವಾಗಲೇ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ. ಇದು ಬೇಕೇ, ನಿಧಾನವಾಗಿ ಇಳಿಸಬಹುದೇ ಅಂತಲೂ ಕೇಳಿ. ಈ ವಯಸ್ಸಿನಲ್ಲಿ ರಾತ್ರಿ ಬಚ್ಚಲಿಗೆ ಎದ್ದು, ತೂಕಡಿಕೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಇನ್ನು ವಿಡಿಯೋ ಯಾಕೆ, ಫೋನಿನಲ್ಲಿ ಹೇಳಿದರೆ ಸಾಲದಾ ಅಂತ ಕೇಳಿದ್ದೀರಿ. ಮೊನ್ನೆ ಮೊನ್ನೆಯದೇ ಒಂದು ಹೇಳುತ್ತೇನೆ. ನಮ್ಮ ಪೇಷಂಟ್ ಒಬ್ಬರು, ವಯಸ್ಸಾದ ಹೆಂಗಸು, 'ಎಲ್ಲಾ ಚೆನ್ನಾಗಿದೆ, ಬಿಪಿ ಮಾತ್ರೆ ಖಾಲಿ' ಅಂದರು. ವಿಡಿಯೋ ಹಚ್ಚಿಸಿದೆ. ಹಿತ್ತಲ ಜಗಲಿ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಚಪ್ಪಲಿಯ ಪಟ್ಟಿ ಪಾದದೊಳಗೆ ಇಳಿದ ಹಾಗೆ ಕಂಡಿತು. ಮೊಮ್ಮಗನಿಗೆ 'ಫೋನ್ ಅಜ್ಜನ ಕೈಗೆ ಕೊಟ್ಟು, ಅಜ್ಜಿಯ ಹರಡಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿ, ಹತ್ತು ಎಣಿಸಿ ಬಿಡು' ಅಂದೆ. ಹುಡುಗ ಬೆರಳು ತೆಗೆದ. ರೊಟ್ಟಿ ಹಿಟ್ಟಿನಲ್ಲಿ ಒತ್ತಿದ ಹಾಗೆ ಗುಳಿ ಹಾಗೇ ನಿಂತಿತ್ತು. ಆಕೆ ತಗೊಳ್ಳುತ್ತಿದ್ದದ್ದು ಆಮ್ಲೋಡಿಪಿನ್. ಅದರಿಂದಲೇ ಕಾಲು ಊದುವುದುಂಟು. ಹೃದಯ, ಕಿಡ್ನಿಯಿಂದಲೂ ಊದುವುದುಂಟು. ಯಾವುದು ಅಂತ ಹೇಳೋಕೆ ಕತ್ತಿನ ನರ ನೋಡಬೇಕು, ಎದೆಗೆ ಸ್ಟೆತಸ್ಕೋಪ್ ಇಡಬೇಕು, ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು. ಮಾರನೇ ದಿನ ಕರೆಸಿದೆ. ಬರೀ ಮಾತಿನಲ್ಲಿ ಮುಗಿಸಿದ್ದರೆ ಅದೇ ಮಾತ್ರೆ ಇನ್ನು ಮೂರು ತಿಂಗಳಿಗೆ ಬರೆದು ಕಳಿಸುತ್ತಿದ್ದೆ.

ವಿಡಿಯೋ, ಫೋಟೋ ಕೂಡ ಮೋಸ ಮಾಡುತ್ತವೆ ಅನ್ನಿ. ಲಾಕ್‌ಡೌನ್ ದಿನಗಳಲ್ಲಿ ಒಬ್ಬ ಹುಡುಗ ತೊಡೆಯ ಮೇಲಿನ ಕೆಂಪು ತುರಿಕೆಯ ಫೋಟೋ ಕಳಿಸಿದ. ಅಂಚೇ ಇರಲಿಲ್ಲ, ಮಸುಕು ಮಸುಕು. ಇಸುಬು ಅಂದುಕೊಂಡು ಸ್ಟೀರಾಯ್ಡ್ ಮುಲಾಮು ಬರೆದೆ. ಅದು ಹೊಟ್ಟೆವರೆಗೂ ಹಬ್ಬಿತು. ಕ್ಲಿನಿಕ್‌ಗೆ ಬಂದಾಗ ಜೇಬಿನಿಂದ ಒಂದು ಹಿಂಡಿದ ಟ್ಯೂಬ್ ತೆಗೆದ. ತಿಂಗಳಿಂದ ಅದನ್ನು ತಾನೇ ತಂದು ಹಚ್ಚುತ್ತಿದ್ದನಂತೆ, ಅದರಲ್ಲೂ ಸ್ಟೀರಾಯ್ಡ್. ಅವನಿಗಿದ್ದದ್ದು ಹುಳುಕಡ್ಡಿ. ಸ್ಟೀರಾಯ್ಡ್ ಬಿದ್ದ ಹುಳುಕಡ್ಡಿಗೆ ಆ ದುಂಡನೆಯ ಅಂಚು ಅಳಿಸಿಹೋಗುತ್ತದೆ. ನಾನೂ ಬೆಂಕಿಗೆ ತುಪ್ಪ ಸುರಿದಿದ್ದೆ. ಆವತ್ತಿನಿಂದ ಫೋಟೋ ಕಳಿಸಿದವರಿಗೆ 'ಮನೆಯಲ್ಲಿರೋ ಟ್ಯೂಬುಗಳ ಫೋಟೋನೂ ಹಾಕಿ' ಅನ್ನುತ್ತೇನೆ.

ಇನ್ನೊಂದು ವಿಷಯ ನಿಮಗೆ ಬೇಜಾರಾಗಬಹುದು. ಪೇಷಂಟ್ ತಾನೇ ಫೋನ್ ಮಾಡಿದರೆ ಒಪ್ಪಿಗೆ ಇದೆ ಅಂತಲೇ ಅರ್ಥ, ಬೇರೆ ಕೇಳಬೇಕಾಗಿಲ್ಲ. ಆದರೆ ಇಲ್ಲಿ ಫೋನ್ ಮಾಡಿದ್ದು ಮಗ, ಅದೂ ಮುನ್ನೂರು ಕಿಲೋಮೀಟರ್ ದೂರದಿಂದ. ಅಮ್ಮ ಪಕ್ಕದಲ್ಲಿ ಇಲ್ಲದಿದ್ದಾಗ ಅವರ ಪರವಾಗಿ ನೀವು ಮಾತಾಡಬೇಕಾದರೆ ಅವರ ಒಪ್ಪಿಗೆ ಡಾಕ್ಟರ ಹತ್ತಿರ ಮೊದಲೇ ಇರಬೇಕು. ಸುಲಭದ ದಾರಿ ಅಂದರೆ, ಈ ಸಲ ಕ್ಲಿನಿಕ್‌ಗೆ ಹೋದಾಗ ಅಮ್ಮನೇ ಡಾಕ್ಟರ ಎದುರು 'ನನ್ನ ವಿಷಯ ಮಗನ ಹತ್ತಿರ ಮಾತಾಡಿ' ಅಂತ ಹೇಳಿ, ಬರೆಸಿಬಿಡಲಿ. ಚಿಕ್ಕ ಮಕ್ಕಳಾದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು, ಅವರು ಯಾರು ಅಂತ ಡಾಕ್ಟರ್ ಕೇಳಲೇಬೇಕು.

ವಾಟ್ಸಾಪ್ ಚೀಟಿ ಮೆಡಿಕಲ್ ಶಾಪಿನಲ್ಲಿ ನಡೆಯುತ್ತದಾ ಅನ್ನೋರಿಗೆ: ನಡೆಯುತ್ತದೆ. ಸಹಿ ಮಾಡಿದ ಚೀಟಿಯ ಫೋಟೋ ಸಾಕು. ಆದರೆ ಅದರಲ್ಲಿ ಡಾಕ್ಟರ ಹೆಸರು, ಓದು, ರಿಜಿಸ್ಟ್ರೇಷನ್ ನಂಬರ್ (ನಮ್ಮಲ್ಲಿ ಕೆಎಂಸಿ, ಅಂದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನಂಬರ್ ಅಂತಾರಲ್ಲ, ಅದು), ತಾರೀಖು, ಪೇಷಂಟ್ ಹೆಸರು, ವಯಸ್ಸು, ಔಷಧದ ಪ್ರಮಾಣ ಎಲ್ಲ ಇರಬೇಕು. 'ಡೋಲೊ 1-0-1' ಅಂತ ಮೆಸೇಜ್ ಹಾಕಿದರೆ ಅದು ಚೀಟಿ ಅಲ್ಲ. ಡಾಕ್ಟರೇ ಚೀಟಿಯನ್ನು ನೇರ ಅಂಗಡಿಗೆ ಕಳಿಸಬೇಕಾದರೆ ನಿಮ್ಮನ್ನು ಕೇಳಿಯೇ ಕಳಿಸಬೇಕು. ಯಾವ ಅಂಗಡಿಯಲ್ಲಿ ತಗೊಳ್ಳಬೇಕು ಅನ್ನೋದು ನಿಮಗೆ ಬಿಟ್ಟದ್ದು.

ಆ್ಯಪ್‌ಗಳ ಬಗ್ಗೆ ಒಂದೇ ಮಾತು. ಯಂತ್ರ, ಅಂದರೆ ಎಐ, ರೋಗಿಗೆ ತಾನೇ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ ಅಂತ 2020ರಲ್ಲೇ ಬರೆದಿಟ್ಟಿದ್ದಾರೆ. ಆ ಕಡೆ ಇರೋದು ಮನುಷ್ಯನಾ, ಅವರ ರಿಜಿಸ್ಟ್ರೇಷನ್ ನಂಬರ್ ಏನು ಅಂತ ಕೇಳೋಕೆ ಸಂಕೋಚ ಬೇಡ. ಇನ್ನು, ನೀವು ಎದುರಿಗೆ ಬಂದು ತೋರಿಸುತ್ತೇನೆ ಅಂದರೂ 'ಬೇಡ, ಫೋನಿನಲ್ಲೇ ಆಗಲಿ' ಅಂತ ಡಾಕ್ಟರ್ ಹಟ ಹಿಡಿದರೆ ಅದೂ ತಪ್ಪೇ. ಈ ಸಾಲನ್ನು ಜನ ಓದೇ ಇರೋಲ್ಲ.

ಕ್ಲಿನಿಕ್‌ಗೆ ಹೋಗೋಕೆ ಅಮ್ಮನಿಗೆ ಗಾಡಿಯದ್ದೇ ಕಷ್ಟ ಅಂದರೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವನಿ ಇದೆಯಾ ವಿಚಾರಿಸಿ. ಸರ್ಕಾರದ್ದು, ದುಡ್ಡಿಲ್ಲ. ಅಲ್ಲಿನ ಸಿಬ್ಬಂದಿ ಪಕ್ಕದಲ್ಲೇ ಕೂತು ಬಿಪಿ ನೋಡಿ, ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸುತ್ತಾರೆ. ಸುಮ್ನೆ ಮನೆಯಿಂದ ಫೋನ್ ಮಾಡೋದಕ್ಕಿಂತ ಇದು ಎಷ್ಟೋ ವಾಸಿ. ನಿದ್ದೆ ಬರದಿರುವುದಕ್ಕೆ ಒಂಟಿತನ, ಚಿಂತೆ ಕಾರಣ ಅನಿಸಿದರೆ 14416ಕ್ಕೆ ಫೋನ್ ಮಾಡಿಸಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ನಮ್ಮ ನಿಮ್ಹಾನ್ಸ್‌ನವರೇ ಮೇಲಿಂದ ನೋಡಿಕೊಳ್ಳುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಎದೆನೋವು, ಬಾಯಿ ಸೊಟ್ಟಗಾಗೋದು, ಉಸಿರು ಕಟ್ಟೋದು ಆದರೆ ನನ್ನಂಥವನಿಗೆ ವಿಡಿಯೋ ಮಾಡ್ತಾ ಕೂರಬೇಡಿ. 108.

ಕೊನೆಗೆ ಅಮೆರಿಕದ್ದು. ಈ ಮಾರ್ಗಸೂಚಿ ಭಾರತದ ಒಳಗೆ ಮಾತ್ರ. ಕರ್ನಾಟಕದ ಡಾಕ್ಟರ್ ಅಸ್ಸಾಮಿನ ಪೇಷಂಟನ್ನು ನೋಡಬಹುದು, ಆದರೆ ಅಮ್ಮ ಅಲ್ಲಿ ಇಳಿದ ಮೇಲೆ ಲೆಕ್ಕ ಬೇರೆ. ಅಲ್ಲಿ ಪೇಷಂಟ್ ಯಾವ ರಾಜ್ಯದಲ್ಲಿ ಕೂತಿದ್ದಾರೋ ಆ ರಾಜ್ಯದ ಲೈಸೆನ್ಸ್ ಡಾಕ್ಟರಿಗೆ ಬೇಕು. ನಿಮ್ಮ ಊರಿನ ಡಾಕ್ಟರ್ ಕಳಿಸಿದ ಚೀಟಿಗೆ ಅಲ್ಲಿನ ಫಾರ್ಮಸಿಯವರು ಮಾತ್ರೆ ಕೊಡಲ್ಲ. ನಮ್ಮ ಕಡೆಯ ಅಪ್ಪ ಅಮ್ಮಂದಿರು ಅಲ್ಲಿ ಆರು ತಿಂಗಳು ಇದ್ದುಬಿಡುತ್ತಾರಲ್ಲ, ನಾಲ್ಕನೇ ತಿಂಗಳಿಗೆ ನನಗೆ ಫೋನ್ ಬರುತ್ತದೆ, 'ಸರ್, ಮಾತ್ರೆ ಖಾಲಿ' ಅಂತ. ನಾನು ಏನೂ ಮಾಡೋಕಾಗಲ್ಲ.

ಹಾಗಾಗಿ ಹೊರಡುವ ಮೊದಲು ಹೇಗೂ ಕ್ಲಿನಿಕ್‌ಗೆ ಹೋಗುತ್ತೀರಲ್ಲ, ಅವತ್ತೇ ಇರುವಷ್ಟು ದಿನಕ್ಕೂ ಔಷಧ ಬರೆಸಿಕೊಳ್ಳಿ. ಆಲ್‌ಪ್ರಾಜೋಲಮ್ ಥರದ್ದನ್ನು ಎಷ್ಟು ಒಯ್ಯಬಹುದು ಅಂತ ಅಲ್ಲಿನ ನಿಯಮ ಅಕ್ಕನ ಕಡೆಯಿಂದ ವಿಚಾರಿಸಿಕೊಳ್ಳಿ. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್‌ನಲ್ಲೇ ಇಟ್ಟುಕೊಳ್ಳಲಿ, ಚೀಟಿ ಕೈಚೀಲದಲ್ಲಿರಲಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಷ್ಟೇ ಇದ್ದರೆ ಪಕ್ಕದಲ್ಲಿ ಜೆನೆರಿಕ್ ಹೆಸರನ್ನೂ ದೊಡ್ಡಕ್ಷರದಲ್ಲಿ ಬರೆಸಿ. ನಮ್ಮ ಮೆಡಿಕಲ್ ಶಾಪಿನ ಹುಡುಗನಿಗೆ ಬಾಯಿಪಾಠ ಇರುವ ಬ್ರ್ಯಾಂಡ್ ಹೆಸರು ಅಲ್ಲಿ ಯಾರಿಗೂ ಗೊತ್ತಿರಲ್ಲ.