75 ದಿನ, 17 ಊರು, ನಾಲ್ಕೂವರೆ ವರ್ಷದ ಮಗ: ಬೀದರಿನ ತಂಗಿಗೆ ಉತ್ತರ

ತಂಗಿ, ನಿನ್ನೆ ನೀವು ಗುಂಪಿನಲ್ಲಿ ಹಾಕಿದ ಪಟ್ಟಿಯನ್ನು ಎರಡು ಸಲ ಓದಿದೆ. ಫೆಬ್ರುವರಿ ಕೊನೆಗೆ ಹೊರಟು 75 ದಿನಗಳಲ್ಲಿ ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ಸೇರಿ 17 ಊರು ನೋಡಿ ಸಿಂಗಾಪುರದ ಮೂಲಕ ಮರಳುವುದು, ಜೊತೆಗೆ ನಾಲ್ಕೂವರೆ ವರ್ಷದ ಮಗ. ಉಳಿದವರು ಟಿಕೆಟ್ ದರದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನನ್ನ ಕಣ್ಣು ನಿಂತದ್ದು ಆ 17ರ ಮೇಲೆ, ಏಕೆಂದರೆ ಕಲಬುರಗಿಯಿಂದ ನಾವು ಮೂರೂವರೆ ವರ್ಷದ ಮಗಳನ್ನು ಕರೆದುಕೊಂಡು ಹೊರಟಾಗಲೂ ನಾಲ್ಕು ದಿನಕ್ಕೊಂದು ಊರು ಎಂದೇ ಲೆಕ್ಕ ಹಾಕಿದ್ದೆವು ಮತ್ತು ಆ ಲೆಕ್ಕ 19ನೆಯ ದಿನಕ್ಕೆ ಮುರಿದುಬಿತ್ತು.

ಮಗಳಿಗೆ ಜ್ವರ ಬರಲಿಲ್ಲ, ವಾಂತಿಯೂ ಆಗಲಿಲ್ಲ. ಅವಳು ಸಂಡಾಸಕ್ಕೆ ಹೋಗುವುದನ್ನೇ ನಿಲ್ಲಿಸಿದಳು. ಪ್ರತಿ ಊರಿನಲ್ಲೂ ಕಮೋಡಿನ ಎತ್ತರ ಬೇರೆ, ನೀರು ಬಿಡುವ ಸದ್ದು ಬೇರೆ. ಹೆದರಿ ತಡೆದುಕೊಂಡಳು, ತಡೆದುಕೊಂಡದ್ದರಿಂದ ಮಲ ಗಟ್ಟಿಯಾಯಿತು, ನೋವಾದ್ದರಿಂದ ಮತ್ತಷ್ಟು ತಡೆದುಕೊಂಡಳು, ಕೊನೆಗೆ ಊಟವನ್ನೂ ಬಿಟ್ಟಳು. ವಿಯೆಟ್ನಾಂನಲ್ಲಿ ಹೋ ಚಿ ಮಿನ್ ನಗರ, ದಲಾತ್, ನ್ಯಾ ಚಾಂಗ್, ಕ್ವಿ ನ್ಯೋನ್ ಮುಗಿಸಿ ದನಾಂಗ್ ತಲುಪಿದಾಗ ಕೋಣೆಯ ಬಾಗಿಲಲ್ಲೇ ಬ್ಯಾಗಿನ ಮೇಲೆ ಕುಳಿತು "ಈ ಮನಿ ಬ್ಯಾಡ" ಎಂದು ಹಟ ಹಿಡಿದಳು. ನಾವು ಅದನ್ನು ದಣಿವು ಎಂದುಕೊಂಡು ಎರಡು ದಿನ ಐಸ್‌ಕ್ರೀಮ್ ಕೊಡಿಸಿ ಸಮಾಧಾನ ಮಾಡುತ್ತ ಕುಳಿತೆವಲ್ಲ, ಆ ದಡ್ಡತನಕ್ಕೆ ಇಂದಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಕಲಬುರಗಿಯ ನಮ್ಮ ಮಕ್ಕಳ ವೈದ್ಯರಿಗೆ ಫೋನ್ ಮಾಡಿದಾಗ ಅವರು ಮಲ ಮೆದುವಾಗಲು ಲ್ಯಾಕ್ಟುಲೋಸ್ ಸಿರಪ್ಪಿನ ಪ್ರಮಾಣ ಹೇಳಿ, ಊಟವಾದ ಮೇಲೆ ಕಾಲ ಕೆಳಗೆ ಮಣೆ ಇಟ್ಟು ಐದು ನಿಮಿಷ ಕೂರಿಸಿರಿ, ಮತ್ತು ದಯವಿಟ್ಟು ಎಲ್ಲಾದರೂ ಒಂದು ಕಡೆ ನಿಲ್ಲಿರಿ ಎಂದರು.

ದನಾಂಗಿನಲ್ಲಿ 24 ದಿನ ನಿಂತೆವು. ಮುಂದಿನ ಮೂರು ಊರುಗಳ ಕೋಣೆಗಳಿಗೆ ಕಟ್ಟಿದ್ದ ಹಣ ಹೋಯಿತು. ಅಗ್ಗವೆಂದು ಹಣ ಮರಳದ ದರದಲ್ಲಿ ಕಾದಿರಿಸಿದ್ದವಳು ನಾನೇ. ವಿಯೆಟ್ನಾಂನ ಇ-ವೀಸಾ 90 ದಿನಗಳದ್ದಾಗಿದ್ದರಿಂದ ಬಚಾವಾದೆವು. ಮಲೇಷ್ಯಾದಲ್ಲಿ ವೀಸಾ ಇಲ್ಲದೆ ನಮಗೆ ಸಿಗುವುದು 30 ದಿನ ಮಾತ್ರ, ಅಲ್ಲಿ ತಡವಾಗಿ ಎಡವಿದರೆ ನಿಲ್ಲುವುದಕ್ಕೂ ದಿನ ಉಳಿದಿರುವುದಿಲ್ಲ. ಆದ್ದರಿಂದ ಊರಿಗೆ ಕನಿಷ್ಠ 18 ದಿನ ಇಡಿ, ಮೊದಲ ಮೂರು ದಿನ ಏನನ್ನೂ ನೋಡಲು ಹೋಗಬೇಡಿ: ಅಂಗಡಿ, ಸಮುದ್ರದ ದಂಡೆ, ಮನೆ, ಅಷ್ಟೇ. ಅಡುಗೆಮನೆ ಇರುವ ಮನೆಯನ್ನೇ ಹಿಡಿಯಿರಿ. ಮಡಚುವ ಕಮೋಡ್ ಸೀಟೊಂದನ್ನು ಇಲ್ಲಿಂದಲೇ ಒಯ್ಯಿರಿ ಮತ್ತು ಹೊರಡುವ ಒಂದು ತಿಂಗಳ ಮೊದಲೇ ಮನೆಯಲ್ಲಿ ಅದರ ಅಭ್ಯಾಸ ಮಾಡಿಸಿರಿ. ಅಲ್ಲಿಗೆ ಹೋಗಿ ಮೊದಲ ಬಾರಿ ತೆಗೆದರೆ ಅದೂ ಒಂದು ಹೊಸ ಹೆದರಿಕೆಯಾಗುತ್ತದೆ.

ಇನ್ನು ಕೌದಿಯ ವಿಷಯ. ಇದನ್ನು ಹೇಳಿದಾಗ ಗುಂಪಿನಲ್ಲಿ ಕೆಲವರು ನಗುತ್ತಾರೆ, ನಗಲಿ. ಅಜ್ಜಿಯ ಹಳೆಯ ಸೀರೆಗಳಿಂದ ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಚಿಕ್ಕ ಕೌದಿಯನ್ನು ಹೊಲಿಸಿ, ಎರಡು ತಿಂಗಳು ಮಗ ಅದರ ಮೇಲೆಯೇ ಮಲಗಲಿ, ಆಮೇಲೆ ಪ್ರತಿ ಊರಿನಲ್ಲೂ ಅದನ್ನೇ ಹಾಸಿರಿ. ಊರು ಬದಲಾದರೂ ಹಾಸಿಗೆ ಬದಲಾಗುವುದಿಲ್ಲ. ದನಾಂಗಿನ ನಂತರದ ಎರಡು ಊರುಗಳಲ್ಲಿ ಮಗಳು ಮೊದಲ ರಾತ್ರಿಯೇ ನಿದ್ದೆ ಮಾಡಿದ್ದು ಇದರಿಂದಲೇ ಎಂಬುದು ನನ್ನ ನಂಬಿಕೆ. ಆದರೆ ಹೊರಡುವ ಮುಂಚೆ ಒಗೆಯಬೇಡಿ, ಮನೆಯ ವಾಸನೆ ಹೋಗುತ್ತದೆ. ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಹಗಲಿನಲ್ಲಿ ಹಾಸಿಗೆಯ ಮೇಲೆ ಬಿಟ್ಟು ಹೊರಗೆ ಹೋಗಲೇಬೇಡಿ: ಒಂದು ವಸತಿಗೃಹದಲ್ಲಿ ಕೋಣೆ ಸ್ವಚ್ಛಗೊಳಿಸುವವರು ಚಾದರಗಳ ಜೊತೆ ಅದನ್ನೂ ಸುತ್ತಿಕೊಂಡು ಹೋಗಿದ್ದರು, ನಮ್ಮ ಯಜಮಾನರು ಒಗೆಯುವ ಕೋಣೆಯವರೆಗೂ ಓಡಿ ಯಂತ್ರಕ್ಕೆ ಹಾಕುವ ಮೊದಲು ತಂದರು. ಅದೇ ಸೀರೆಯ ಒಂದು ಅಂಗೈಯಗಲದ ತುಂಡನ್ನು ನಿಮ್ಮ ಪರ್ಸಿನಲ್ಲಿ ಬೇರೆಯಾಗಿ ಇಟ್ಟುಕೊಂಡಿರಿ.

ಮಾರ್ಚ್‌ನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್ ಏಕೆ ಇಟ್ಟಿದ್ದೀರಿ? "ಬೀದರಿನ ಬಿಸಿಲು ತಪ್ಪಿಸಲು" ಎಂದು ಬರೆದಿದ್ದೀರಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಥಾಯ್ಲೆಂಡಿನ ಉತ್ತರ ಭಾಗದಲ್ಲಿ ಹೊಲದ ಕೂಳೆ ಮತ್ತು ಕಾಡು ಉರಿದು, ಗುಡ್ಡಗಳ ನಡುವಿನ ಆ ಊರಿನಲ್ಲಿ ಹೊಗೆ ಕಟ್ಟಿಕೊಳ್ಳುತ್ತದೆ. ಆ ದಿನಗಳಲ್ಲಿ ಜಗತ್ತಿನ ಅತಿ ಮಲಿನ ಗಾಳಿಯ ನಗರಗಳ ಸಾಲಿನಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮಗನಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ ಎಂದು ನೀವೇ ಹಿಂದಿನ ತಿಂಗಳು ಇಲ್ಲಿ ಕೇಳಿದ್ದಿರಿ. ಹೊಗೆಗೆ ಬದಲು ಬಿಸಿಲೇ ವಾಸಿ, ಆ ಊರನ್ನು ಪಟ್ಟಿಯಿಂದ ತೆಗೆಯಿರಿ.

ಔಷಧದ ಚೀಲದಲ್ಲಿ ಎಲೆಕ್ಟ್ರಾಲ್‌ನಂತಹ ಓಆರ್‌ಎಸ್ (ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆ) ಪುಡಿಯ ಪೊಟ್ಟಣಗಳೇ ಇರಲಿ, ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಡಬ್ಬಿಯಲ್ಲಿ ಬರುವ ಬಣ್ಣದ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ನಂಬಿ ಭೇದಿಯಾದ ಮಗುವಿಗೆ ಕುಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೆಚ್ಚಿನ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಪ್ಯಾರಾಸಿಟಮಾಲ್ ಸಿರಪ್ ನಮ್ಮಲ್ಲೇ 5 ಮಿಲಿಗೆ 120 ಮತ್ತು 250 ಮಿಲಿಗ್ರಾಂ ಎಂದು ಬೇರೆ ಬೇರೆ ಬಲದಲ್ಲಿ ಬರುತ್ತದೆ, ಹೊರದೇಶದ ಬಾಟಲಿಯ ಬಲ ಮತ್ತೊಂದೇ ಇರಬಹುದು; "ಒಂದು ಚಮಚ" ಎಂಬ ರೂಢಿಯಲ್ಲಿ ಕೊಡದೆ, ಮಗನ ತೂಕಕ್ಕೆ ಎಷ್ಟು ಮಿಲಿಗ್ರಾಂ ಎಂದು ವೈದ್ಯರಿಂದ ಬರೆಸಿಕೊಂಡು ಹೋಗಿರಿ. ನಾಯಿ ಅಥವಾ ಮಂಗ ಪರಚಿದರೂ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಎನ್ನಬಾರದು.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಒಯ್ಯುವುದು ಸರಿ; ಜೋಳದ ಹಿಟ್ಟನ್ನು ಹೆಚ್ಚು ಒಯ್ಯಬೇಡಿ, ಅಲ್ಲಿನ ತೇವಕ್ಕೆ ಮುಗ್ಗುತ್ತದೆ. ನೀವು ಸಿಂಗಾಪುರದ ಮೂಲಕ ಮರಳುವವರಾದ್ದರಿಂದ ಗಸಗಸೆಯಾಗಲಿ, ಗಸಗಸೆ ಸೇರಿದ ಮಸಾಲೆಯಾಗಲಿ ಚೀಲದಲ್ಲಿ ಉಳಿದಿರಬಾರದು. ಅಲ್ಲಿ ಅದು ನಿಷಿದ್ಧ, ದುಬೈ ಕಡೆಯೂ ಅಷ್ಟೇ.

ಕಾಗದಪತ್ರದಲ್ಲಿ ಒಂದೇ ಮಾತು: ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಅವಧಿ. ಮಗ ಆರು ತಿಂಗಳ ಕೂಸಾಗಿದ್ದಾಗ ಮಾಡಿಸಿದ್ದು ಎಂದಿದ್ದೀರಿ, ಅಂದರೆ ಈಗ ಉಳಿದಿರುವುದು ಸುಮಾರು ಒಂದು ವರ್ಷ. ಕೊನೆಯ ದೇಶವನ್ನು ಪ್ರವೇಶಿಸುವ ದಿನಕ್ಕೂ ಆರು ತಿಂಗಳು ಉಳಿದಿರಬೇಕು ಎಂದು ಲೆಕ್ಕ ಹಾಕಿರಿ. ಸಾಲದಿದ್ದರೆ ವೀಸಾಗೆ ಅರ್ಜಿ ಹಾಕುವ ಮೊದಲೇ ಹೊಸದು ಮಾಡಿಸಿರಿ, ಏಕೆಂದರೆ ಇ-ವೀಸಾ ಅಂಟಿಕೊಳ್ಳುವುದು ಪಾಸ್‌ಪೋರ್ಟ್ ಸಂಖ್ಯೆಗೆ.

ಮಲೇಷ್ಯಾದ ಪೆನಾಂಗ್, ವಿಯೆಟ್ನಾಂನ ದನಾಂಗ್, ಹನೋಯಿ ಮತ್ತು ನಿಮಗಿಷ್ಟವಾದ ಇನ್ನೊಂದು, ಹೀಗೆ ನಾಲ್ಕು ಊರಿನ ಪಟ್ಟಿ ಮಾಡಿ ಇಲ್ಲಿ ಮತ್ತೊಮ್ಮೆ ಹಾಕಿರಿ. ಅಲ್ಲಿಯವರೆಗೆ ಹಣ ಮರಳದ ಕೋಣೆ ಯಾವುದನ್ನೂ ಕಾದಿರಿಸಬೇಡಿ.