ಮೆಶ್ ಅಳಿಸದೆ ಕೆಲವು ಎಲಿಮೆಂಟ್‌ಗಳನ್ನು ಒಂದು ರನ್‌ಗೆ ಮಾತ್ರ ಕೈಬಿಡುವುದು ಹೇಗೆ?

ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯಲ್ಲಿ, ಅಂದರೆ ಭಾಗವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳ ಮೆಶ್ ಆಗಿ ಒಡೆದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ, ರಿಬ್ (ಬಲಕ್ಕಾಗಿ ಕೊಟ್ಟ ಏಣು) ಇರುವ ಮಾಡೆಲ್ಲನ್ನು ರಿಬ್ ಇಲ್ಲದೆಯೂ ಓಡಿಸಿ ನೋಡಬೇಕು, ಅದಕ್ಕೆ ರಿಬ್‌ನ ಯಂಗ್ಸ್ ಮಾಡ್ಯುಲಸ್ (ವಸ್ತುವಿನ ಬಿಗುವು) ತೀರಾ ಕಡಿಮೆ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು, ನಾನಾದರೆ ಆ ದಾರಿ ಹಿಡಿಯುವುದೇ ಇಲ್ಲ. ಮಾಡ್ಯುಲಸ್ಸನ್ನು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಸಿದರೆ ಲೀನಿಯರ್ ಸ್ಟ್ಯಾಟಿಕ್ ರನ್ ಹೇಗೋ ದಾಟುತ್ತದೆ. ಆದರೆ ಡೆನ್ಸಿಟಿ ಹಾಗೇ ಉಳಿದಿದ್ದರೆ ರಿಬ್‌ನ ಸ್ವಂತ ಫ್ರೀಕ್ವೆನ್ಸಿ 1000 ಪಟ್ಟು ಕುಸಿಯುತ್ತದೆ. ಮೋಡಲ್ (ಕಂಪನದ) ಫಲಿತಾಂಶದ ಮೊದಲ ಸಾಲುಗಳಲ್ಲೆಲ್ಲ ರಿಬ್ಬೊಂದೇ ತೊನೆದಾಡುವ ಸುಳ್ಳು ಮೋಡ್‌ಗಳು. ಲಾರ್ಜ್ ಡಿಫ್ಲೆಕ್ಷನ್ ಇದ್ದರೆ ಆ ಮೆತ್ತಗಿನ ಎಲಿಮೆಂಟ್‌ಗಳು ಮುದುಡಿ ನೆಗೆಟಿವ್ ಜಾಕೋಬಿಯನ್ (ಎಲಿಮೆಂಟ್ ಒಳಹೊರಗಾಗಿದೆ) ಎಂದು ರನ್ ನಿಲ್ಲುತ್ತದೆ.

ಇಡೀ ರನ್‌ನಲ್ಲೇ ರಿಬ್ ಬೇಡವೆಂದರೆ ಅದನ್ನು ಪ್ರತ್ಯೇಕ ಎಲಿಮೆಂಟ್ ಸೆಟ್ ಮಾಡಿ, ಸಾಲ್ವರ್ ಡೆಕ್‌ಗೆ (ಲೆಕ್ಕ ಮಾಡುವ ಪ್ರೋಗ್ರಾಂಗೆ ಕೊಡುವ ಇನ್‌ಪುಟ್ ಫೈಲ್‌ಗೆ) ಆ ಸೆಟ್ ಬರೆಯಬೇಡಿ. ಸ್ಕ್ರೀನ್ ಮೇಲೆ ಹೈಡ್ ಮಾಡಿದ್ದನ್ನು ನಂಬಬೇಡಿ, ಡೆಕ್‌ನಲ್ಲಿ ಎಲಿಮೆಂಟ್ ಸಂಖ್ಯೆ ಇಳಿದಿದೆಯೇ ನೋಡಿ.

ಪೆಟ್ಟು ಬೀಳುವುದು ಅನಾಥವಾಗಿ ಉಳಿದ ನೋಡ್‌ಗಳಲ್ಲಿ (ಎಲಿಮೆಂಟ್‌ಗಳು ಕೂಡುವ ಬಿಂದುಗಳಲ್ಲಿ). ರಿಬ್‌ನ ಅಂಚಿನ ನೋಡ್‌ಗೆ ಫೋರ್ಸ್ ಕೊಟ್ಟಿದ್ದಿರಿ ಎನ್ನಿ. ಎಲಿಮೆಂಟ್ ಹೋದರೂ ಫೋರ್ಸ್ ಉಳಿಯುತ್ತದೆ, ಹೊರಲು ಸ್ಟಿಫ್‌ನೆಸ್ ಇಲ್ಲ. ಸಾಲ್ವರ್ ಜೀರೋ ಪಿವಟ್ (ಸಮೀಕರಣ ಬಿಡಿಸಲಾಗದು) ಎಂದು ನಿಂತರೆ ನಿಮ್ಮ ಪುಣ್ಯ. ನಾಸ್ಟ್ರಾನ್ ಸಾಲ್ವರಿನ ಆಟೋಎಸ್‌ಪಿಸಿಯಂಥದ್ದು ಆನ್ ಇದ್ದರೆ ಆ ನೋಡನ್ನು ಸದ್ದಿಲ್ಲದೆ ಕಟ್ಟಿಹಾಕುತ್ತದೆ, ಲೋಡ್ ಅಲ್ಲೇ ಇಂಗಿಹೋಗುತ್ತದೆ, ಸ್ಟ್ರೆಸ್ ಮಾತ್ರ ಚೆಂದವಾಗಿ ಕಡಿಮೆ ಬರುತ್ತದೆ! ಆದ್ದರಿಂದ ನಿಜವಾದ ಸಪೋರ್ಟ್‌ಗಳ ರಿಯಾಕ್ಷನ್ ಮಾತ್ರ ಕೂಡಿಸಿ, ಕೊಟ್ಟ ಲೋಡ್‌ಗೆ ತಾಳೆ ನೋಡಿ. ಪ್ರೆಶರ್ ಕಥೆ ಇದರ ತಿರುವುಮುರುವು: ಎಲಿಮೆಂಟ್ ಜೊತೆಗೇ ಹೋಗುತ್ತದೆ, ಹೊಸದಾಗಿ ತೆರೆದ ಮುಖಕ್ಕೆ ನೀವೇ ಮತ್ತೆ ಕೊಡಬೇಕು.

ಅಗೆತ, ವೆಲ್ಡಿಂಗ್‌ನಂತೆ ರನ್ ನಡುವೆ ತೆಗೆದು ಸೇರಿಸುವುದಿದ್ದರೆ ಮಾತು ಬೇರೆ. ಆನ್ಸಿಸ್ ಸಾಲ್ವರಿನ ಇಕಿಲ್ (EKILL) ಕಮಾಂಡ್ ಎಲಿಮೆಂಟನ್ನು ತೆಗೆಯುವುದಿಲ್ಲ. ಸ್ಟಿಫ್‌ನೆಸ್ಸನ್ನು ಡೀಫಾಲ್ಟಾಗಿ ಹತ್ತು ಲಕ್ಷದಲ್ಲೊಂದು ಪಾಲು ಮಾಡಿ, ಮಾಸ್ ಮತ್ತು ಎಲಿಮೆಂಟ್ ಲೋಡ್ ಸೊನ್ನೆ ಮಾಡುತ್ತದೆ. ಮರಳಿ ಸೇರಿಸುವ ಇಅಲೈವ್ (EALIVE) ಕೊಟ್ಟಾಗ ಅದು ಹಳೆಯ ಸ್ಟ್ರೇನ್ ಇಲ್ಲದೆ ಮರಳುತ್ತದೆ. ಅಬಾಕಸ್‌ನಲ್ಲಿ ಇದೇ ಕೆಲಸದ ಮಾಡೆಲ್ ಚೇಂಜ್ ಅದರ ಸ್ಟ್ಯಾಂಡರ್ಡ್ ಸಾಲ್ವರಿನಲ್ಲಿ ಮಾತ್ರ ಇದೆ, ಎಕ್ಸ್‌ಪ್ಲಿಸಿಟ್‌ನಲ್ಲಿ ಇಲ್ಲ. ಅದು ತೆಗೆದ ಭಾಗದ ನೋಡಲ್ ಫೋರ್ಸನ್ನು ಆ ಸ್ಟೆಪ್ ಉದ್ದಕ್ಕೂ ಹಂತಹಂತವಾಗಿ ಇಳಿಸುತ್ತದೆ, ಹಾಗಾಗಿ ಸ್ಟೆಪ್‌ನ ಮಧ್ಯದ ಫಲಿತಾಂಶ ಓದಬೇಡಿ.

ಆನ್ಸಿಸ್‌ನಲ್ಲಿ ಪ್ಲಾಟ್ ಮಾಡುವ ಮೊದಲು ಲೈವ್ ಎಲಿಮೆಂಟ್‌ಗಳನ್ನಷ್ಟೇ ಸೆಲೆಕ್ಟ್ ಮಾಡಿ. ಇಲ್ಲದಿದ್ದರೆ ಸತ್ತವುಗಳ ಸೊನ್ನೆ ಸರಾಸರಿಗೆ ಸೇರಿ, ಗಡಿಯ ನೋಡ್‌ಗಳಲ್ಲಿ ಸ್ಟ್ರೆಸ್ ಕಡಿಮೆ ತೋರಿಸುತ್ತದೆ.