ತಲೆ ಗ್ರಾಂಟರದು, ಕುದುರೆ ಇನ್ಯಾರದೋ

ಪತ್ರದ ಸಾರ: ಅಮೆರಿಕದ ಅಂತರ್ಯುದ್ಧದ ಲೇಖನದ ಜೊತೆ ನೀವು ಹಾಕಿದ್ದ ‘ಸಿಟಿ ಪಾಯಿಂಟ್‌ನಲ್ಲಿ ಜನರಲ್ ಗ್ರಾಂಟ್’ ಚಿತ್ರ (ಉತ್ತರದ ಸೇನಾಪತಿ ಗ್ರಾಂಟ್ ಸೈನ್ಯದ ಮುಂದೆ ಕುದುರೆಯೇರಿ ಕೂತದ್ದು) ನಕಲಿ ಅಂತ ಓಹಿಯೊದಲ್ಲಿರುವ ನನ್ನ ಮಗಳು ಹೇಳುತ್ತಾಳೆ. ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿರುವ ಚಿತ್ರ ನಕಲಿ ಹೇಗಾದೀತು? ಇನ್ನೊಂದು ವಿಷಯ, ಅಲ್ಲಿನ ಹಳೆ ಸಾಮಾನಿನ ಅಂಗಡಿಯಲ್ಲಿ ಅವಳೊಂದು ಪುಟ್ಟ ರಟ್ಟಿನ ಫೋಟೋ ಕೊಂಡಿದ್ದಾಳೆ. ಬೆನ್ನಿಗೆ ಒಂದು ಸ್ಟಾಂಪು, ಪೆನ್ಸಿಲ್ಲಿನಲ್ಲಿ ‘ಕಸ್ಟರ್’ (ಆ ಯುದ್ಧದಲ್ಲಿ ಉತ್ತರದ ಹೆಸರಾಂತ ಅಶ್ವದಳ ಅಧಿಕಾರಿ) ಎಂಬ ಬರಹ. ನಂಬಬಹುದೇ?

ಸಂಪಾದಕರ ಉತ್ತರ:

ನಿಮ್ಮ ಮಗಳ ಮಾತು ಸರಿ. ವಿವರಣೆ ಕೊಡದೆ ಆ ಚಿತ್ರ ಹಾಕಿದ್ದು ನಮ್ಮ ತಪ್ಪು. ಚಿತ್ರ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇರುವುದೂ ನಿಜ. ಅದು ಮೂರು ಫೋಟೋಗಳ ಜೋಡಣೆ ಎಂದು ಬಿಡಿಸಿ ಹೇಳಿದವರೂ ಅಲ್ಲಿಯವರೇ. ಗ್ರಂಥಾಲಯದ ಕೆಲಸ ಜೋಪಾನ ಮಾಡುವುದು. ಜೋಪಾನ ಮಾಡಿದ್ದೆಲ್ಲ ಅಸಲಿ ಎಂದು ಅದು ಮುಚ್ಚಳಿಕೆ ಬರೆದುಕೊಡುವುದಿಲ್ಲ.

ತಲೆ ಗ್ರಾಂಟರದೇ. 1864ರ ಜೂನ್‌ನಲ್ಲಿ ಕೋಲ್ಡ್ ಹಾರ್ಬರ್‌ನ ಡೇರೆಯ ಮುಂದೆ ಮರಕ್ಕೆ ಕೈಯೂರಿ ನಿಂತ ಅವರ ಪ್ರಸಿದ್ಧ ಫೋಟೋದಿಂದ ಕತ್ತರಿಸಿಕೊಂಡದ್ದು. ಮೈ ಮತ್ತು ಕುದುರೆ ಮೇಜರ್ ಜನರಲ್ ಅಲೆಕ್ಸಾಂಡರ್ ಮೆಕುಕ್ ಅವರವು, ಅದೇ ವರ್ಷದ ಜುಲೈನವು. ಹಿಂದೆ ಕಾಣುವ ಜನಸಂದಣಿ ಗ್ರಾಂಟರ ಸೈನ್ಯವೇ ಅಲ್ಲ, ಫಿಷರ್ಸ್ ಹಿಲ್ ಕದನದಲ್ಲಿ ಸೆರೆಸಿಕ್ಕ ಎದುರು ಪಕ್ಷವಾದ ದಕ್ಷಿಣದ ಸೈನಿಕರು! ಇದನ್ನು ಜೋಡಿಸಿದವರು ಲೆವಿನ್ ಹ್ಯಾಂಡಿ, ಛಾಯಾಗ್ರಾಹಕ ಮ್ಯಾಥ್ಯೂ ಬ್ರೇಡಿಯವರ ಹೆಂಡತಿಯ ಕಡೆಯ ನೆಂಟ. ಕಾಲ 1902ರ ಸುಮಾರು. ಗ್ರಾಂಟ್ ತೀರಿಕೊಂಡದ್ದು 1885ರಲ್ಲಿ.

ಆಗ ಇಂಥ ಜೋಡಣೆಗೆ ಪ್ರಿಂಟುಗಳನ್ನು ಕತ್ತರಿಸಿ ಅಂಟಿಸುತ್ತಿದ್ದರು, ಅಂಚುಗಳಿಗೆ ಕುಂಚದಿಂದ ಬಣ್ಣ ಹಚ್ಚುತ್ತಿದ್ದರು, ಆಮೇಲೆ ಅದನ್ನೇ ಮತ್ತೆ ಫೋಟೋ ತೆಗೆದು ಹೊಸ ನೆಗೆಟಿವ್ ಮಾಡುತ್ತಿದ್ದರು. ಆದ್ದರಿಂದ ನೆಗೆಟಿವ್ ಇದೆ ಎಂಬುದು ಸಾಕ್ಷಿಯಾಗಲಾರದು. ಗ್ರಂಥಾಲಯದ ತಾಣದಿಂದ ಚಿಕ್ಕ ಜೆಪೆಗ್ ಬೇಡ, ಅತಿ ದೊಡ್ಡ ಟಿಫ್ ಕಡತವನ್ನೇ ಇಳಿಸಿಕೊಂಡು ಹಿಗ್ಗಿಸಿ. ಮೊದಲು ಕಾಲರ್ ಮತ್ತು ಕುತ್ತಿಗೆ ಸೇರುವ ಗೆರೆ ನೋಡಿ. ಆಮೇಲೆ ಟೋಪಿಯ ನೆರಳು ಮುಖದ ಮೇಲೆ ಯಾವ ಕಡೆಗೆ ಬಿದ್ದಿದೆ, ಕುದುರೆಯ ನೆರಳು ನೆಲದ ಮೇಲೆ ಯಾವ ಕಡೆಗೆ ಬಿದ್ದಿದೆ ಎಂದು ತಾಳೆ ಹಾಕಿ. ಗೊರಸುಗಳು ನೆಲದ ಮೇಲೆ ನಿಂತಿವೆಯೇ ತೇಲುತ್ತಿವೆಯೇ ಎಂಬುದನ್ನೂ ನೋಡಿ. ಬಿಳಿ ಬಿಳಿ ಆಕಾಶ ಕಂಡರೆ ಮಾತ್ರ ಅನುಮಾನ ಬೇಡ. ಆ ಕಾಲದಲ್ಲಿ ನೆಗೆಟಿವ್‌ಗೆ ಬಳಸುತ್ತಿದ್ದ, ಕೊಲೋಡಿಯನ್ ಎಂಬ ರಾಸಾಯನಿಕ ಬಳಿದ ಗಾಜಿಗೆ ನೀಲಿ ಬೆಳಕು ವಿಪರೀತ ತಾಗುತ್ತಿತ್ತು, ಆಕಾಶ ಸುಟ್ಟು ಬೆಳ್ಳಗಾಗುತ್ತಿತ್ತು. ಆ ಕಾಲದ ನೆಲದೃಶ್ಯದಲ್ಲಿ ಅಂದವಾದ ಮೋಡಗಳಿದ್ದರೆ ಆಗ ಅನುಮಾನಿಸಿ. ಅವನ್ನು ಬೇರೆ ನೆಗೆಟಿವ್‌ನಿಂದ ಸೇರಿಸುವ ರೂಢಿಯಿತ್ತು.

ಏನನ್ನೂ ಸೇರಿಸದೆ, ಬರೀ ಕತ್ತರಿಸಿಯೂ ಮೋಸ ಮಾಡಬಹುದು. ದಕ್ಷಿಣದ ಪರವಾಗಿ ಕಾದಾಡಿದ ಕಪ್ಪು ಸೈನಿಕರು, ಲೂಸಿಯಾನದ ‘ನೇಟಿವ್ ಗಾರ್ಡ್ಸ್’, 1861 ಎಂದು ಹರಿದಾಡಿದ ಚಿತ್ರವೊಂದಿದೆ. ಅಸಲಿ ಫೋಟೋ 1864ರ ಸುಮಾರಿನದು, ಫಿಲಡೆಲ್ಫಿಯದ್ದು, ಉತ್ತರದ ಒಕ್ಕೂಟ ಸೈನ್ಯದ ಕಪ್ಪು ಸೈನಿಕರದು. ಎಡತುದಿಯಲ್ಲಿ ನಿಂತಿದ್ದ ಬಿಳಿಯ ಒಕ್ಕೂಟ ಅಧಿಕಾರಿಯನ್ನು ಕತ್ತರಿಸಿ ತೆಗೆದು, ಹೊಸ ಹೆಸರು ಅಂಟಿಸಿದ್ದಾರೆ. ಹೀಗಾಗಿಯೇ ಒಂದೇ ಪ್ರತಿ ನೋಡಿ ತೀರ್ಮಾನಕ್ಕೆ ಬರಬಾರದು.

ಇನ್ನು ಮಗಳ ರಟ್ಟು. ಹೆಸರನ್ನು ಸದ್ಯಕ್ಕೆ ಮರೆತುಬಿಡಿ. ಪೆನ್ಸಿಲ್ ಬರಹ ಯಾರದೋ ಮೊಮ್ಮಗನದಿರಬಹುದು, ಬೆಲೆ ಏರಿಸಲು ಅಂಗಡಿಯವನೇ ಬರೆದದ್ದೂ ಇರಬಹುದು. ಮೊದಲು ಅಳತೆ: ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಉದ್ದ ಇದ್ದರೆ ಅದು ಕಾರ್ಟ್ ದ ವಿಸಿಟ್ ಎಂಬ ಪುಟ್ಟ ರಟ್ಟಿನ ಫೋಟೋ, ನಾಲ್ಕೂಕಾಲು, ಆರೂವರೆ ಇದ್ದರೆ 1866ರಿಂದೀಚೆಗೆ ಬಂದ ಕ್ಯಾಬಿನೆಟ್ ಕಾರ್ಡ್ ಎಂಬ ದೊಡ್ಡ ರಟ್ಟು. ಬೆನ್ನಿನ ಸ್ಟಾಂಪು ಅಂಚೆಯದಲ್ಲ, ಯುದ್ಧದ ಖರ್ಚಿಗೆಂದು ಹಾಕಿದ್ದ ತೆರಿಗೆಯದು. 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಇದು ಜಾರಿಯಲ್ಲಿತ್ತು. ಫೋಟೋದ ಬೆಲೆ 25 ಸೆಂಟ್‌ವರೆಗಿದ್ದರೆ 2 ಸೆಂಟ್, 50ರವರೆಗೆ 3, ಡಾಲರ್‌ವರೆಗೆ 5. ಫೋಟೋಗೆಂದೇ ಸ್ಟಾಂಪು ಇರಲಿಲ್ಲ, ಬೇರೆ ವಸ್ತುಗಳ ತೆರಿಗೆ ಸ್ಟಾಂಪನ್ನೇ ಅಂಟಿಸುತ್ತಿದ್ದರು. ಹಾಗಾಗಿ ಅದರ ಮೇಲೆ ‘ಇಸ್ಪೀಟು ಎಲೆ’ ಎಂದಿದ್ದರೆ ಗಾಬರಿಯಾಗಬೇಡಿ. ಸ್ಟಾಂಪಿನ ಮೇಲೆ ಸ್ಟುಡಿಯೊದವರು ಶಾಯಿಯಲ್ಲಿ ಗೀಚಿದ ಅಕ್ಷರ, ತಾರೀಖು ಇದ್ದರೆ ಬರೆದಿಟ್ಟುಕೊಳ್ಳಿ. ಆದರೆ ಬಲ್ಲವರೂ ಇಲ್ಲಿ ಎಡವುತ್ತಾರೆ: ಸ್ಟಾಂಪು ಹೇಳುವುದು ರಟ್ಟು ಮಾರಾಟವಾದ ಕಾಲವನ್ನು, ವ್ಯಕ್ತಿ ಕ್ಯಾಮೆರಾ ಮುಂದೆ ಕೂತ ಕಾಲವನ್ನಲ್ಲ. ಹೆಸರಾಂತರ ಹಳೆ ನೆಗೆಟಿವ್‌ಗಳಿಂದ ವರ್ಷಗಟ್ಟಲೆ ಪ್ರಿಂಟು ಹಾಕಿ ಮಾರುತ್ತಿದ್ದರು.

ಕೂತ ಕಾಲ ತಿಳಿಯಲು ಹೆಗಲಪಟ್ಟಿ ನೋಡಿ. ಒಂದು ನಕ್ಷತ್ರ, ಎದೆಯ ಗುಂಡಿಗಳು ಜೋಡಿ ಜೋಡಿ ಇದ್ದರೆ ಬ್ರಿಗೇಡಿಯರ್; ಎರಡು ನಕ್ಷತ್ರ, ಗುಂಡಿಗಳು ಮೂರು ಮೂರು ಇದ್ದರೆ ಮೇಜರ್ ಜನರಲ್. ಕಸ್ಟರ್ ಬ್ರಿಗೇಡಿಯರ್ ಆದದ್ದು 1863ರ ಜೂನ್‌ನಲ್ಲಿ. ನಕ್ಷತ್ರವೇ ಇಲ್ಲದೆ ಅಡ್ಡಪಟ್ಟಿಗಳಿದ್ದರೆ ಒಂದೋ ಫೋಟೋ ಅದಕ್ಕೂ ಹಿಂದಿನದು, ಇಲ್ಲವೇ ಮನುಷ್ಯ ಬೇರೆ.

ಮುಖ ಕೊನೆಗೆ. ಕಸ್ಟರ್‌ರ ಕೆಂಚು ಹೊಂಬಣ್ಣದ ಕೂದಲು ಕೊಲೋಡಿಯನ್‌ನಲ್ಲಿ ಇದ್ದದ್ದಕ್ಕಿಂತ ಕಪ್ಪಗೆ, ನೀಲಿ ಕಣ್ಣು ಬಣ್ಣವೇ ಇಲ್ಲದಷ್ಟು ತಿಳಿಯಾಗಿ ಬರುತ್ತದೆ. ಗಡ್ಡ ಮೀಸೆ ಬದಲಾಗುತ್ತವೆ, ಕಿವಿ ಬದಲಾಗುವುದಿಲ್ಲ. ಹಾಲೆ ಕೆನ್ನೆಗೆ ಅಂಟಿದೆಯೇ, ಬಿಡಿಯಾಗಿ ತೂಗಿದೆಯೇ, ಮೇಲಿನ ಮಡಿಕೆ ಹೇಗಿದೆ ಎಂದು ಖಚಿತವಾದ ಎರಡು ಮೂರು ಫೋಟೋಗಳ ಜೊತೆ ಹೋಲಿಸಿ. ಚಿತ್ರ ಕಾಗದದ್ದಲ್ಲದೆ ತಗಡಿನದಾದರೆ ಎಡಬಲ ಅದಲುಬದಲಾಗಿರುತ್ತದೆ ಎಂಬ ನೆನಪಿರಲಿ. ಅಮೆರಿಕದ ಕುಖ್ಯಾತ ಡಕಾಯಿತ ಬಿಲ್ಲಿ ದ ಕಿಡ್ ಎಡಚ ಎಂಬ ಕಥೆ ಹುಟ್ಟಿದ್ದೇ ಹೀಗೆ. ತಗಡಿನ ಫೋಟೋದಲ್ಲಿ ಅವನ ವಿಂಚೆಸ್ಟರ್ ಬಂದೂಕಿಗೆ ತೋಟಾ ತುಂಬುವ ಬಾಗಿಲು ಬಲಗಡೆ ಇರಬೇಕಾದದ್ದು ಎಡಗಡೆ ಕಾಣುತ್ತದೆ. 2018ರಲ್ಲಿ ಶುರುವಾದ ‘ಸಿವಿಲ್ ವಾರ್ ಫೋಟೋ ಸ್ಲೂತ್’ ತಾಣದಲ್ಲಿ ಮುಖ ಹೋಲಿಸಿ ಹುಡುಕಬಹುದು. ಅದು ಕೊಡುವುದು ಹೋಲುವ ಮುಖಗಳ ಪಟ್ಟಿಯನ್ನಷ್ಟೇ. ಹುದ್ದೆ, ಪಡೆ, ಸ್ಟುಡಿಯೊ ಇದ್ದ ಊರು ಹೊಂದದಿದ್ದರೆ ಎಷ್ಟೇ ಹೋಲಿಕೆ ಕಂಡರೂ ಬಿಟ್ಟುಬಿಡಿ.

ರಟ್ಟಿನ ಎರಡೂ ಬದಿಯನ್ನು 600 ಡಿಪಿಐನಲ್ಲಿ, ಅಂಚು ಬಿಡದೆ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಸ್ಕ್ಯಾನ್ ಮಾಡಿ ಕಳಿಸಲು ಮಗಳಿಗೆ ಹೇಳಿ. ಪೆನ್ಸಿಲ್ ಬರಹ ಅಳಿಸುವುದು ಬೇಡ. ಸ್ಟಾಂಪಿನ ಕೆಳಗೆ ಏನಿದೆಯೋ ನೋಡೋಣವೆಂದು ನೀರು ಹಚ್ಚುವುದಂತೂ ಬೇಡವೇ ಬೇಡ.